ನಾಲ್ವರು ಹಳಬರು, ಒಂದು ಮೈಕು: ಮೂರು ದನಿ ಕೂಡಿಸುವ ತಂಡ ಕಟ್ಟುವುದು ಹೇಗೆ

ಗಣೇಶನ ಪೆಂಡಾಲುಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ನುಡಿಸಿ, ಈಗ ಗಿಟಾರನ್ನು ಬೀರು ಮೇಲೆ ಮಲಗಿಸಿಟ್ಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೊಸಬರಿಗೆ ಕಲಿಸಿದರೆ ಸಾಕು. ನಮ್ಮಂಥವರಿಗೆ ಮೊದಲು ಒಂದಷ್ಟು ಮರೆಸಬೇಕು.

ನಾನು ಮೈಸೂರಿನ ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. 1981ರಿಂದ ಆರ್ಕೆಸ್ಟ್ರಾದಲ್ಲಿ ಗಿಟಾರ್, ಜೊತೆಗೆ ಹಾಡು. ಮನೆ ಗೋಕುಲಂನಲ್ಲಿ. ಯೋಗ ಕಲಿಯಲು ಬರುವ ವಿದೇಶಿಯರಿಗೆ ಮಹಡಿ ಬಾಡಿಗೆಗೆ ಕೊಡುತ್ತೇವೆ. ಒಂದು ವರ್ಷ ನಾರ್ತ್ ಕೆರೊಲಿನಾದ ಹುಡುಗನೊಬ್ಬ ಮ್ಯಾಂಡೊಲಿನ್ ಹೊತ್ತುಕೊಂಡು ಬಂದ. ಬೆಳಿಗ್ಗೆ ಆಸನ, ಸಂಜೆ ಬ್ಲೂಗ್ರಾಸ್ ಅನ್ನುವ ಅಮೆರಿಕದ ಸಂಗೀತ. ಅವನ ಫೋನಿನಲ್ಲಿ ಮೂರು ಜನ ಒಂದೇ ಮೈಕಿಗೆ ಮುಖವಿಟ್ಟು ಹಾಡುವುದನ್ನು ಕೇಳಿದ ದಿನ ನಾನು ರಾತ್ರಿ ಊಟ ಮರೆತಿದ್ದೆ.

ಕೆಂಟಕಿಯ ಬಿಲ್ ಮನ್ರೋ ತಮ್ಮ ‘ಬ್ಲೂ ಗ್ರಾಸ್ ಬಾಯ್ಸ್’ ತಂಡದ ಮೂಲಕ ರೂಢಿಗೆ ತಂದ ಸಂಗೀತ ಇದು. 1939ರಲ್ಲಿ ಅವರು ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ರೇಡಿಯೋ ಕಾರ್ಯಕ್ರಮಕ್ಕೆ ಸೇರಿದರು. 1945ರ ಕೊನೆಗೆ ಅರ್ಲ್ ಸ್ಕ್ರಗ್ಸ್ ಮೂರು ಬೆರಳಿನ ಬ್ಯಾಂಜೋ ಹಿಡಿದು ಬಂದ ಮೇಲೆ ಅದಕ್ಕೆ ಈಗಿನ ಓಟ ಬಂತು. ಗಿಟಾರ್, ಮ್ಯಾಂಡೊಲಿನ್, ಪಿಟೀಲು, ಬ್ಯಾಂಜೋ, ನಿಲ್ಲಿಸಿ ನುಡಿಸುವ ದೊಡ್ಡ ಬೇಸ್, ಇಷ್ಟೇ ವಾದ್ಯ. ಡ್ರಮ್ಸ್ ಇಲ್ಲ. (ಬ್ಯಾಂಜೋ ಅಂದರೆ ನಮ್ಮವರು ಟೈಪ್‌ರೈಟರ್ ಗುಂಡಿಯ ಬುಲ್‌ಬುಲ್ ತರಂಗ್ ಅಂದುಕೊಳ್ಳುತ್ತಾರೆ. ಅದಲ್ಲ. ಇದು ತಮಟೆಗೆ ಕೋಲು ಕಟ್ಟಿ ಐದು ತಂತಿ ಎಳೆದಂತಿರುತ್ತದೆ. ಇದರ ಮೂಲರೂಪ ಗುಲಾಮರಾಗಿ ಹೋದ ಆಫ್ರಿಕಾದವರ ಜೊತೆ ಅಮೆರಿಕಕ್ಕೆ ಹೋದದ್ದು.) ನಮ್ಮ ತಂಡದಲ್ಲಿ ಬ್ಯಾಂಜೋ ಇಲ್ಲ. ಆ ಹುಡುಗ ಕೆರೊಲಿನಾಕ್ಕೆ ವಾಪಸ್ ಹೋದ, ನಮ್ಮಲ್ಲಿ ಉಳಿದದ್ದು ಹಾಡುವ ಕ್ರಮ.

ಜನ ಸೇರಿಸುವಾಗ ಬೆರಳಿನ ವೇಗ ನೋಡಬೇಡಿ, ಕಿವಿ ನೋಡಿ. ನಮ್ಮದು ಹೀಗೆ: ಮಂಡ್ಯದ ಭಾವ, ಅಂದರೆ ನಮ್ಮ ಅಕ್ಕನ ಯಜಮಾನರು, ಆಲೆಮನೆ ನಡೆಸುವವರು, ಊರಿನ ಪೌರಾಣಿಕ ನಾಟಕಗಳಲ್ಲಿ ಮೂವತ್ತು ಸಲ ದುರ್ಯೋಧನನಾದವರು. ಮ್ಯಾಂಡೊಲಿನ್‌ಗೆ ನಮ್ಮ ಹಳೇ ಆರ್ಕೆಸ್ಟ್ರಾದ ಮೇಷ್ಟ್ರು. ನಾಲ್ಕನೆಯವರು ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾದ ಅಣ್ಣ. ಇಂಗ್ಲಿಷ್ ಬ್ಯಾಂಡಿನಲ್ಲಿ ಯೂಫೋನಿಯಂ ಅನ್ನುವ ದೊಡ್ಡ ಹಿತ್ತಾಳೆ ವಾದ್ಯ ಊದಿದವರು, ಈಗ ನಮಗೆ ಬೇಸ್ ಗಿಟಾರ್. ಮೈಸೂರಿನಲ್ಲಿ ಇಂಥವರು ಸಿಕ್ಕರೆ ಬಿಡಬೇಡಿ. ಟ್ಯೂನ್ ಬೇರೆಯವರಿಗೆ ಬಿಟ್ಟು ಒಳಗಿನ ಸ್ವರ ಹಿಡಿದು ನಿಲ್ಲುವುದು ಬ್ಯಾಂಡಿನವರಿಗೆ ಕಸುಬಿನಿಂದಲೇ ಬಂದಿರುತ್ತದೆ.

ಮೊದಲ ಜಗಳ ಲೀಡ್, ಅಂದರೆ ಮುಖ್ಯ ಟ್ಯೂನ್ ಹಾಡುವವರು, ಯಾರು ಅನ್ನುವುದು. ನಾನೇ ಅಂದುಕೊಂಡಿದ್ದೆ. ತಂಡ ನನ್ನ ಯೋಚನೆ, ಮನೆ ನನ್ನದು, ಕಾಫಿಯೂ ನನ್ನದೇ. ಬ್ಯಾಂಡ್ ಅಣ್ಣ ಒಂದೇ ಹಾಡನ್ನು ಮೂವರ ಕೈಲೂ ಹಾಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಮತ್ತೆ ಕೇಳಿಸಿದರು. ಭಾವನ ದನಿ ಮನೆಗೆ ತೊಲೆ ಇದ್ದಹಾಗೆ. ನನ್ನದು ಚೆನ್ನಾಗಿತ್ತು, ಅಷ್ಟೆ. ಮುಖ ಊದಿಸಿಕೊಂಡು ಕೂತಿದ್ದಾಗ ನೆನಪಾಯಿತು: ಮನ್ರೋ ತಂಡದಲ್ಲಿ ಲೆಸ್ಟರ್ ಫ್ಲಾಟ್ ಇದ್ದಾಗ ಲೀಡ್ ಹಾಡುತ್ತಿದ್ದವರು ಫ್ಲಾಟ್. ಯಜಮಾನ ಮನ್ರೋ ಮೇಲಿನ ದನಿ ಕೂಡಿಸುತ್ತಿದ್ದರು. ನೀವೂ ಹೀಗೇ ರೆಕಾರ್ಡ್ ಮಾಡಿ ಕೇಳಿ. ಬಾಯಿಮಾತಿನಲ್ಲಿ ಇದು ಬಗೆಹರಿಯುವುದಿಲ್ಲ.

ಲೀಡ್ ಗೊತ್ತಾದ ಮೇಲೆ ಶ್ರುತಿ. ಭಾವನಿಗೆ ಸಿ ಶಾರ್ಪ್ ಹಿತ. ಆದರೆ ಮೇಷ್ಟ್ರು ಅದರ ಮೇಲೆ ಇನ್ನೊಂದು ದನಿ ಏರಿಸಬೇಕಲ್ಲ, ಅಲ್ಲಿ ಅವರದು ಬರೀ ಕಳ್ಳದನಿ. ಆದ್ದರಿಂದ ಲೀಡ್‌ಗೆ ಹಿತವಾದ ಶ್ರುತಿಯಿಂದ ಶುರುಮಾಡಿ, ಮೇಲಿನ ದನಿಯವರು ಹಾಡಿನ ತುತ್ತತುದಿಯ ಸಾಲನ್ನು ಕುತ್ತಿಗೆ ನರ ಉಬ್ಬದೆ ಹಾಡುವವರೆಗೂ ಅರ್ಧರ್ಧ ಸ್ವರ ಇಳಿಸುತ್ತಾ ಬನ್ನಿ. ನಮ್ಮದು ‘ಬಿ’ಯಲ್ಲಿ ನಿಂತಿತು. ಗಿಟಾರಿನ ನಾಲ್ಕನೇ ಫ್ರೆಟ್‌ಗೆ (ಅಡ್ಡಪಟ್ಟಿಗೆ) ಕೇಪೋ, ಅಂದರೆ ತಂತಿಗಳನ್ನೆಲ್ಲ ಒತ್ತಿಹಿಡಿಯುವ ಕ್ಲಿಪ್ಪು, ಹಾಕಿ ‘ಜಿ’ ಹಿಡಿತಗಳಲ್ಲೇ ನುಡಿಸುತ್ತೇನೆ. ಶ್ರುತಿಯನ್ನು ಸಂಜೆ ಹೊತ್ತು ನೋಡಿ. ಅರವತ್ತು ದಾಟಿದವರ ಗಂಟಲು ಬೆಳಿಗ್ಗೆ ಸುಳ್ಳು ಹೇಳುತ್ತದೆ.

ಈಗ ದನಿ ಹಂಚುವುದು. ಲೀಡ್ ಟ್ಯೂನ್ ಹಾಡುತ್ತದೆ. ಟೆನರ್ ಅದರ ಮೇಲೆ, ಬ್ಯಾರಿಟೋನ್ ಅದರ ಕೆಳಗೆ. ಸ್ವರದ ಲೆಕ್ಕದಲ್ಲಿ ಹೇಳಿದರೆ ನಮಗೆ ಬೇಗ ಹತ್ತುತ್ತದೆ. ಶಂಕರಾಭರಣದ ಸ್ವರಗಳಲ್ಲಿರುವ ಹಾಡು, ಕಾರ್ಡು, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಸ-ಗ-ಪ ಅಂದುಕೊಳ್ಳಿ. ಭಾವ ‘ಗ’ ಹಾಡಿದರೆ ಮೇಷ್ಟ್ರು ‘ಪ’, ನಾನು ‘ಸ’. ಭಾವ ‘ಪ’ಗೆ ಏರಿದರೆ ಮೇಷ್ಟ್ರು ತಾರದ ‘ಸ’, ನಾನು ‘ಗ’. ಭಾವ ‘ಸ’ಗೆ ಇಳಿದರೆ ಮೇಷ್ಟ್ರು ‘ಗ’, ನಾನು ಮಂದ್ರದ ‘ಪ’. ಲೀಡ್ ಇರುವ ಮನೆಗೆ ಹತ್ತಿರದ ಮೇಲಿನ ಮನೆ ಒಬ್ಬರಿಗೆ, ಹತ್ತಿರದ ಕೆಳಗಿನ ಮನೆ ಇನ್ನೊಬ್ಬರಿಗೆ. ಕಾರ್ಡು ಬದಲಾದರೆ ಮನೆಗಳೂ ಬದಲು: ಮಧ್ಯಮದ ಕಾರ್ಡಿಗೆ ಮ-ದ-ಸ, ಪಂಚಮದ ಕಾರ್ಡಿಗೆ ಪ-ನಿ-ರಿ. ಲೀಡ್ ಸುಮ್ಮನೆ ಮುಟ್ಟಿ ಹೋಗುವ ಸ್ವರಗಳ ಹಿಂದೆಲ್ಲ ಓಡಬೇಡಿ, ನಿಂತಲ್ಲೇ ನಿಂತಿರಿ.

ಬ್ಯಾರಿಟೋನ್ ಯಾರಿಗೂ ಬೇಡದ ಕೂಸು. ಭಾವ ‘ಗ-ಮ-ಗ’ ಅಂತ ಸೊಗಸಾಗಿ ಆಡುತ್ತಾರೆ, ಮೇಷ್ಟ್ರದು ‘ಪ-ದ-ಪ’, ನನ್ನದು ‘ಸ-ಸ-ಸ’. ಅಡುಗೆಮನೆಯಿಂದ ನಮ್ಮ ಮನೆಯವರು ಕೇಳಿದರು, “ಏನ್ರೀ ಅದು, ಕೆಟ್ಟ ಮಿಕ್ಸಿ ಥರ ಒಂದೇ ಸಮ?” ಒಂಟಿಯಾಗಿ ಹಾಡಿದರೆ ಅದು ಹಾಡೇ ಅನ್ನಿಸುವುದಿಲ್ಲ. ಹಾಗಾಗಿ ಅದನ್ನೇ ಮೊದಲು ಕಲಿಯಿರಿ. ಲೀಡ್ ಮತ್ತು ಬ್ಯಾರಿಟೋನ್ ಇಬ್ಬರೇ ಕೂತು ಹದಿನೈದು ದಿನ ಹಾಡಿ, ಆಮೇಲೆ ಟೆನರ್ ಕರೆಯಿರಿ. ನಾವು ಉಲ್ಟಾ ಮಾಡಿದ್ದೆವು. ಟೆನರ್ ಸೇರಿದ ಕೂಡಲೇ ಎಲ್ಲ ಸಿಹಿಯಾಗಿ ಕೇಳಿಸಿತು, ನಾನು ಎರಡು ತಿಂಗಳು ಗೊತ್ತಿಲ್ಲದಂತೆ ಲೀಡ್ ಜೊತೆಯಲ್ಲೇ ಜಾರುತ್ತಿದ್ದೆ.

ಜಾರುವುದಕ್ಕೆ ಕಾರಣ ಉಂಟು. ನಮ್ಮಲ್ಲಿ ಹಿಮ್ಮೇಳ ಅಂದರೆ ಸೊಲ್ಲು ಎತ್ತುವುದು. ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರ ಮೇಳವಾಗಲಿ, ಸೋಬಾನೆಯಾಗಲಿ, ಮುಂದಿನವರು ಹೇಳಿದ್ದನ್ನು ಹಿಂದಿನವರು ಅದೇ ಸ್ವರದಲ್ಲಿ ಎತ್ತಿಕೊಳ್ಳುತ್ತಾರೆ. ಆ ಅಭ್ಯಾಸ ರಕ್ತದಲ್ಲಿದೆ. ಅದನ್ನು ಬಿಡಿಸಲು ತಂಬೂರಿ ಆ್ಯಪ್ ಹಾಕಿ, ಗಿಟಾರ್ ಕೆಳಗಿಟ್ಟು, ಬರೀ ಅಕಾರದಲ್ಲಿ ಮೂರು ಸ್ವರ ಹಿಡಿಯಿರಿ. ಗಿಟಾರ್ ಯಾಕೆ ಬೇಡ ಅಂದರೆ ಅದರ ಫ್ರೆಟ್ಟಿನ ಗಾಂಧಾರ, ತಂಬೂರಿಯೊಳಗೆ ತಾನಾಗಿ ಕೇಳಿಸುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಿರುತ್ತದೆ (ಅರ್ಧ ಸ್ವರಕ್ಕೆ 100 ಸೆಂಟ್). ಕಿವಿಗೆ ತಂಬೂರಿಯೇ ಗುರು. ಮೂವರೂ ಸರಿಯಾಗಿ ಕೂತ ಕ್ಷಣ ಯಾರೂ ಹಾಡದ ಒಂದು ಗುಂಯ್ ಶಬ್ದ ತಲೆಯ ಮೇಲೆ ಕೇಳಿಸುತ್ತದೆ. ಮೊದಲ ಸಲ ಭಾವ ಫ್ಯಾನ್ ನೋಡಿದರು.

ಹಾಡು ಆರಿಸುವಾಗ ಗಮಕ, ಅಂದರೆ ಸ್ವರದ ತೂಗಾಟ, ತುಂಬಿದ್ದನ್ನು ದೂರ ಇಡಿ. ತೋಡಿ ರಾಗದ ಗಾಂಧಾರವನ್ನು ಮೂವರು ಮೂರು ಎತ್ತರದಲ್ಲಿ ತೂಗಿದರೆ ಹಗ್ಗ ಹರಿದ ಜೋಕಾಲಿಯೇ. ಸ್ವರಗಳು ನೇರವಾಗಿ ನಿಲ್ಲುವ ಜನಪದ ಗೀತೆಗಳು, ಮೋಹನದ ನೆರಳಿನವು, ಹರಿಕಾಂಭೋಜಿಯ ನೆರಳಿನವು ಚೆನ್ನಾಗಿ ಒಪ್ಪುತ್ತವೆ. ರಾಗಿ ಬೀಸುವ ಪದವೊಂದು ನಮ್ಮ ಕೈಯಲ್ಲಿ ತಾನಾಗಿ ಮೂರು ದನಿಗೆ ಬಿಚ್ಚಿಕೊಂಡಿತು. ಭಾವನ ರಂಗಗೀತೆ ಒಂದನ್ನು ಅವರೊಬ್ಬರಿಗೇ ಬಿಟ್ಟೆವು. ಕುರುಕ್ಷೇತ್ರದಲ್ಲಿ ನಮಗೇನು ಕೆಲಸ?

ಮಾತಿನ ಉಚ್ಚಾರ ಇಷ್ಟು ಕಾಡುತ್ತದೆಂದು ಗೊತ್ತಿರಲಿಲ್ಲ. ನಾನು ಮತ್ತು ಮೇಷ್ಟ್ರು ‘ಹೂವು’ ಅಂದರೆ ಭಾವನದು ‘ಊವು’. ಒಬ್ಬರೇ ಹಾಡುವಾಗ ಚೆಂದ, ಮೂರು ದನಿಯಲ್ಲಿ ಆ ‘ಹ’ ಗಾಳಿ ಮಾತ್ರ ಬೇರೆ ಬಂದು ತಾಳ ಮುರಿಯುತ್ತದೆ. ತಿದ್ದಲು ಹೋದೆ. “ಎಪ್ಪತ್ತರ ಅತ್ರ ಬಂದಿವ್ನಿ, ಈಗ ನಾಲ್ಗೆ ತಿರುಗ್ಸೋಕಾಯ್ತದಾ? ನೀವೇ ಬನ್ನಿ ನಮ್ ಕಡೀಕೆ” ಅಂದರು. ಹೋದೆವು. ಈಗ ಜನಪದ ಹಾಡುಗಳಲ್ಲಿ ಮೂವರೂ ‘ಊವು’. ಕನ್ನಡದ ಪದಗಳು ಸ್ವರಾಕ್ಷರದಲ್ಲೇ ಮುಗಿಯುವುದು ನಮಗೆ ಅನುಕೂಲ, ಎಳೆಯಬಹುದು. ಆದರೆ ಸಾಲಿನ ಕೊನೆಯ ‘ಎ’ಯನ್ನು ಒಬ್ಬರು ‘ಅ’ ಕಡೆ ಎಳೆದರೂ ಗುಂಯ್ ಹೋಯಿತು. ಬಾಯಿ ಎಷ್ಟು ತೆರೆಯಬೇಕೆಂದು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಾಡಿ.

ತಾಳಕ್ಕೆ ರಿದಮ್ ಪ್ಯಾಡ್ (ಎಲೆಕ್ಟ್ರಾನಿಕ್ ಡ್ರಮ್ಸ್) ಸೇರಿಸಬೇಡಿ. ಹಳೇ ಪ್ಯಾಡ್ ಗೆಳೆಯನೊಬ್ಬ ಇದಕ್ಕೇ ಮಾತು ಬಿಟ್ಟಿದ್ದಾನೆ, ಬೇಜಾರಿದೆ, ಆದರೂ ಬೇಡ. ನಾಲ್ಕೆಣಿಕೆಯಲ್ಲಿ ಒಂದು, ಮೂರಕ್ಕೆ ಬೇಸ್ ಬೀಳಲಿ. ಎರಡು, ನಾಲ್ಕಕ್ಕೆ ಮ್ಯಾಂಡೊಲಿನ್ ಕಾರ್ಡು ಹೊಡೆದ ಮರುಕ್ಷಣ ಎಡಗೈ ಸಡಿಲಿಸಿದರೆ ‘ಚಕ್’ ಅನ್ನುತ್ತದೆ. ಅದೇ ಡ್ರಮ್ಮು. ಬೆರಳ ಗಂಟು ನೋಯುವವರು ಗಿಟಾರಿಗೆ ಹನ್ನೆರಡರ ಬದಲು ಇನ್ನೂ ತೆಳ್ಳಗಿನ ಹನ್ನೊಂದರ ತಂತಿ ಹಾಕಿ. ಸದ್ದು ತುಸು ಕಡಿಮೆ, ನಿದ್ದೆ ಬರುತ್ತದೆ.

ಇನ್ನು ಸ್ಟೇಜು. ಒಳ್ಳೆಯ ಕಂಡೆನ್ಸರ್ ಮೈಕು ಒಂದೇ ಸಾಕು, ಅದಕ್ಕೆ ಮಿಕ್ಸರಿನಲ್ಲಿ 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕಿನ ವೈರಿನಲ್ಲೇ ಹೋಗುವ ಕರೆಂಟು) ಇರಬೇಕು. ಎದೆಯಿಂದ ಮೇಲೆ, ಗದ್ದದಿಂದ ಕೆಳಗೆ ನಿಲ್ಲಿಸಿ, ಒಂದೂವರೆ ಅಡಿ ದೂರದಲ್ಲಿ ಅರ್ಧ ಚಂದ್ರಾಕಾರವಾಗಿ ನಿಲ್ಲಿ. ಮಧ್ಯೆ ಲೀಡ್. ಜೋರಾದವರು ಅರ್ಧ ಹೆಜ್ಜೆ ಹಿಂದೆ, ನುಡಿಸುವ ಸರದಿ ಬಂದವರು ಒಂದು ಹೆಜ್ಜೆ ಮುಂದೆ. ಹೋಗುವವರು ಎಡದಿಂದ, ಬರುವವರು ಬಲದಿಂದ, ಇದನ್ನು ಮನೆಯಲ್ಲೇ ಪೊರಕೆ ನಿಲ್ಲಿಸಿಕೊಂಡು ಅಭ್ಯಾಸ ಮಾಡಿ. ಇಲ್ಲದಿದ್ದರೆ ಗಿಟಾರಿನ ತಲೆ ಮೇಷ್ಟ್ರ ಕನ್ನಡಕಕ್ಕೆ ತಗಲುತ್ತದೆ, ತಗಲಿದೆ. ಮುಂದಿನ ಸ್ಪೀಕರುಗಳು ಮೈಕಿಗಿಂತ ಮುಂದಿರಲಿ, ಮಾನಿಟರ್ (ಹಾಡುವವರ ಕಡೆಗೆ ತಿರುಗಿಸಿಟ್ಟ ಸ್ಪೀಕರು) ಆಫ್ ಮಾಡಿಸಿ, ಇಲ್ಲದಿದ್ದರೆ ಕುಂಯ್ಯೆನ್ನುತ್ತದೆ.

ಸೌಂಡಿನವರ ಹತ್ತಿರ ಅರ್ಧ ಗಂಟೆ ಮೊದಲೇ ಹೋಗಿ ಮಾತಾಡಿ. ನಮ್ಮ ಮೊದಲ ಕಾರ್ಯಕ್ರಮ ಒಂದು ಬಡಾವಣೆಯ ರಾಜ್ಯೋತ್ಸವ. ನಾವು ಕಾಫಿ ಕುಡಿದು ಬರುವಷ್ಟರಲ್ಲಿ ನಾಲ್ಕು ಮೈಕು, ನಾಲ್ಕಕ್ಕೂ ಭರ್ತಿ ಎಕೋ. ನಾನು ಹಾಡಿದ ‘ಸ’ ಮೂರು ಸಲ ವಾಪಸ್ ಬಂದು ಭಾವನ ಮುಂದಿನ ಸಾಲಿನ ಮೇಲೆ ಕೂತಿತು. ಎರಡನೇ ಸಲ ಮೊದಲೇ ಹೋಗಿ ಹೇಳಿದೆ: ಒಂದೇ ಮೈಕು, ಎಕೋ ಸೊನ್ನೆ, ಹಾಡಿನ ನಡುವೆ ಏನನ್ನೂ ಏರಿಸಬೇಡಿ, ಇಳಿಸಬೇಡಿ, ಅದನ್ನು ನಾವು ಕಾಲಲ್ಲಿ ಮಾಡಿಕೊಳ್ಳುತ್ತೇವೆ. ಹುಡುಗ ನನ್ನನ್ನೇ ನೋಡಿದ. “ಹಂಗಾದ್ರೆ ನಾನ್ ಏನ್ ಮಾಡ್ಲಿ ಅಂಕಲ್?” ಭಾವ ಜೇಬಿನಿಂದ ಅಚ್ಚುಬೆಲ್ಲದ ತುಂಡು ತೆಗೆದು ಅವನ ಕೈಗಿಟ್ಟರು. “ತಿನ್ಕಂಡು ಕೂತ್ಕೊ ಮಗ.”