ಸಹೋದ್ಯೋಗಿಗಳ ಜೊತೆ ಮೊದಲ ಸಲ ಬಿಲ್ಲು ಹಿಡಿಯುವಾಗ

ಆಫೀಸಿನ ಗುಂಪು ಬಿಲ್ಲುಗಾರಿಕೆಗೆ ಹೋದಾಗ ಮೊದಲ ಎಡವಟ್ಟು ಬಿಲ್ಲು ಆರಿಸುವಲ್ಲೇ ಆಗುತ್ತದೆ. ಒಬ್ಬರು 24 ಪೌಂಡಿನದು (ಇದು ಬಿಲ್ಲಿನ ತೂಕವಲ್ಲ, ಹೆದೆ ಎಳೆಯಲು ಬೇಕಾದ ಬಲ) ಎತ್ತಿಕೊಂಡರೆಂದು ಇನ್ನೊಬ್ಬರು 30ಕ್ಕೆ ಕೈ ಹಾಕುತ್ತಾರೆ. ಹತ್ತು ಬಾಣ ಬಿಡುವಷ್ಟರಲ್ಲಿ ಭುಜ ನಡುಗತೊಡಗುತ್ತದೆ, ಆಮೇಲೆ ಹೇಳಿಕೊಟ್ಟದ್ದು ಯಾವುದೂ ಮೈಗೆ ಹತ್ತುವುದಿಲ್ಲ. ಮೊದಲ ದಿನ ವಯಸ್ಕರಿಗೆ 16ರಿಂದ 20 ಪೌಂಡ್ ಎಳೆತದ ರಿಕರ್ವ್ ಬಿಲ್ಲು (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು) ಸಾಕು. ಗಟ್ಟಿಮುಟ್ಟಾದವರೂ 24 ದಾಟಬೇಕಿಲ್ಲ. ಬಿಲ್ಲಿನ ಮೇಲೆ ಬರೆದ ಅಂಕಿ 28 ಇಂಚು ಎಳೆದಾಗಿನ ಲೆಕ್ಕ. ಕೈ ಉದ್ದವಿದ್ದು 30 ಇಂಚು ಎಳೆಯುವವರಿಗೆ ಪ್ರತಿ ಇಂಚಿಗೆ ಸುಮಾರು 2 ಪೌಂಡ್ ಹೆಚ್ಚು ಬೀಳುತ್ತದೆ.

ಸರಿಹೊಂದುತ್ತದೋ ಇಲ್ಲವೋ ನೋಡಲು ಬಿಲ್ಲನ್ನು ಪೂರ್ತಿ ಎಳೆದು ಹಿಡಿದು ನಿಧಾನವಾಗಿ ಐದು ಎಣಿಸಿ. ನಡುಗಿದರೆ ಇನ್ನೂ ಹಗುರದ್ದು ಕೇಳಿ. ಎಣಿಸಿದ ಮೇಲೆ ಹೆದೆಯನ್ನು ಮೆಲ್ಲಗೆ ಮುಂದಕ್ಕೆ ತನ್ನಿ, ಬಿಟ್ಟುಬಿಡಬೇಡಿ. ಬಾಣವಿಲ್ಲದೆ ಹೆದೆ ಬಿಟ್ಟರೆ ಬಾಣಕ್ಕೆ ಹೋಗಬೇಕಿದ್ದ ಶಕ್ತಿಯೆಲ್ಲ ಬಿಲ್ಲಿಗೇ ಬಡಿದು ಅದು ಸೀಳಬಹುದು. ಬಾಣದ ಉದ್ದವನ್ನೂ ನೋಡಿಕೊಳ್ಳಿ: ಪೂರ್ತಿ ಎಳೆದಾಗ ತುದಿ ಬಿಲ್ಲಿನಿಂದ ಒಂದೆರಡು ಇಂಚು ಮುಂದಿರಬೇಕು. ಗಿಡ್ಡ ಬಾಣ ಒಳಕ್ಕೆ ಜಾರಿ ಬಿಲ್ಲು ಹಿಡಿದ ಕೈಗೇ ಚುಚ್ಚೀತು.

ಯಾವ ಕೈಯ ಬಿಲ್ಲು ಎಂಬುದನ್ನು ಕಣ್ಣು ತೀರ್ಮಾನಿಸುತ್ತದೆ. ಎರಡೂ ಕೈ ಮುಂದೆ ಚಾಚಿ, ಅಂಗೈಗಳ ನಡುವೆ ಸಣ್ಣ ತ್ರಿಕೋನದ ಕಿಂಡಿ ಮಾಡಿ, ಅದರೊಳಗಿಂದ ದೂರದ ಒಂದು ವಸ್ತುವನ್ನು ನೋಡಿ. ಎಡಗಣ್ಣು ಮುಚ್ಚಿದಾಗಲೂ ವಸ್ತು ಕಿಂಡಿಯಲ್ಲೇ ಇದ್ದರೆ ನಿಮ್ಮ ಪ್ರಬಲ ಕಣ್ಣು ಬಲಗಣ್ಣು: ಬಿಲ್ಲು ಎಡಗೈಯಲ್ಲಿ, ಎಳೆತ ಬಲಗೈಯಲ್ಲಿ. ಬಲಗೈಯವರಾಗಿದ್ದೂ ಎಡಗಣ್ಣಿನವರಾದರೆ ಎಡಗೈಯಿಂದ ಎಳೆಯುವ ಬಿಲ್ಲು ಪ್ರಯತ್ನಿಸಿ, ಇಲ್ಲವೇ ಎಡಗಣ್ಣು ಮುಚ್ಚಿ ಗುರಿಯಿಡಿ. ಇದನ್ನು ಕಡೆಗಣಿಸಿದರೆ ಬಾಣಗಳೆಲ್ಲ ಎಡಕ್ಕೇ ಹೋಗುತ್ತವೆ, ಕಾರಣ ಮಾತ್ರ ಹೊಳೆಯುವುದಿಲ್ಲ.

ಬಟ್ಟೆ ಮೈಗೆ ಅಂಟುವಂತಿರಲಿ. ಸಡಿಲ ತೋಳು, ಉದ್ದ ಸರ, ಕೊರಳಲ್ಲಿ ನೇತಾಡುವ ಐಡಿ ಕಾರ್ಡು, ಎದೆ ಜೇಬಿನ ಪೆನ್ನು ಎಲ್ಲವೂ ಹೆದೆಗೆ ಸಿಕ್ಕಿಕೊಳ್ಳುವಂಥವು. ಕೂದಲು ಕಟ್ಟಿ, ಮುಚ್ಚಿದ ಶೂ ಹಾಕಿ. ಬಿಲ್ಲು ಹಿಡಿದ ಮುಂಗೈಗೆ ಆರ್ಮ್ ಗಾರ್ಡ್, ಎಳೆಯುವ ಬೆರಳುಗಳಿಗೆ ಫಿಂಗರ್ ಟ್ಯಾಬ್ (ಬೆರಳು ಕಾಯುವ ಪಟ್ಟಿ) ಬೇಕೇ ಬೇಕು.

12 ಜನರಿದ್ದರೆ 4 ಗುರಿಹಲಗೆ, ಒಂದಕ್ಕೆ 3 ಜನ. ಒಬ್ಬರು ಹೊಡೆಯುವಾಗ ಇನ್ನೊಬ್ಬರು ಅವರ ಮೊಣಕೈ, ಗಲ್ಲ ಗಮನಿಸಲಿ. ಮೂರನೆಯವರು ಸುಮ್ಮನೆ ಕೂರಲಿ, ಭುಜಕ್ಕೂ ಬಿಡುವು ಬೇಕು. ದೂರ 10 ಮೀಟರ್ ಮೀರಬೇಡಿ. ಒಲಿಂಪಿಕ್ಸ್‌ನ 70 ಮೀಟರಿನ ಕನಸು ಸದ್ಯಕ್ಕೆ ಬೇಡ, ಆದರೆ ಅಲ್ಲಿ ಬಳಸುವ 122 ಸೆಂ.ಮೀ. ಅಗಲದ ಗುರಿಹಾಳೆಯನ್ನೇ ಇಲ್ಲಿ ಹತ್ತಿರಕ್ಕಿಟ್ಟರೆ ಹೆಚ್ಚಿನ ಬಾಣಗಳು ಎಲ್ಲಾದರೂ ನಾಟುತ್ತವೆ. ಸೀಟಿಯ ಭಾಷೆ ಮೊದಲೇ ಬಾಯಿಪಾಠವಾಗಲಿ: ಎರಡು ಊದಿದರೆ ಗೆರೆಗೆ ಬರುವುದು, ಒಂದಕ್ಕೆ ಹೊಡೆಯುವುದು, ಮೂರಕ್ಕೆ ಬಾಣ ತರಲು ಹೋಗುವುದು. ಐದೋ ಹೆಚ್ಚೋ ಕೇಳಿದರೆ ಎಳೆದಿದ್ದವರು ಬಿಡದೆ ಹೆದೆ ಇಳಿಸುವುದು. ಫೋಟೊ ತೆಗೆಯುವವರು ಕಾಯುವ ಗೆರೆಯ ಹಿಂದೆ, ಮ್ಯಾನೇಜರೇ ಆಗಿದ್ದರೂ.

ಹೊಡೆಯುವ ಗೆರೆಯ ಎರಡು ಬದಿಗೆ ಒಂದೊಂದು ಕಾಲಿಟ್ಟು, ಗುರಿಗೆ ಪಕ್ಕೆ ತೋರಿಸಿ ನಿಲ್ಲಿ. ಬೇರೆ ಬಣ್ಣದ ಗರಿ ಬಿಲ್ಲಿನಿಂದಾಚೆಗಿರುವಂತೆ ಬಾಣವನ್ನಿಟ್ಟು, ಹಿಂತುದಿ ಹೆದೆಗೆ ಟಕ್ ಎಂದು ಕಚ್ಚುವಂತೆ ಒತ್ತಿ. ಬಾಣದ ಮೇಲೆ ತೋರುಬೆರಳು, ಕೆಳಗೆ ಎರಡು ಬೆರಳು. ಹೆದೆ ಮೊದಲ ಗೆಣ್ಣಿನ ಮಡಿಕೆಯಲ್ಲಿರಲಿ. ಬಿಲ್ಲನ್ನು ಮುಷ್ಟಿ ಕಟ್ಟಿ ಹಿಡಿಯಬೇಡಿ, ಹೆಬ್ಬೆರಳ ಬುಡದ ಮಾಂಸದ ಮೇಲೆ ಒತ್ತು ಬೀಳಲಿ. ಬಿಲ್ಲಿನ ಕೈಯ ಮೊಣಕೈಯನ್ನು ಹೊರಕ್ಕೆ ತಿರುಗಿಸಿ. ಒಳಕ್ಕಿದ್ದರೆ ಹೆದೆ ಅಲ್ಲೇ ಬಾರಿಸಿ ನೀಲಿಗಟ್ಟುತ್ತದೆ. ಇನ್ನು ಎಳೆತ. ಸಿನಿಮಾದಲ್ಲಿ ಕಂಡಂತೆ ಕಿವಿವರೆಗೆ ಒಯ್ಯುವ ಆಸೆ ಬಿಟ್ಟು, ತೋರುಬೆರಳು ಬಾಯಿಯ ಮೂಲೆಗೆ ತಾಗುವಲ್ಲಿ ನಿಲ್ಲಿಸಿ. ಪ್ರತಿ ಬಾಣಕ್ಕೂ ಅದೇ ಜಾಗ. ಸ್ವಲ್ಪ ಹೆಚ್ಚುಕಡಿಮೆಯಾದರೂ ಬಾಣ ಗುರಿ ತಪ್ಪಬಹುದು. ಬಿಡುವಾಗ ಬೆರಳು ಬಿಚ್ಚಬೇಡಿ, ಸಡಿಲಿಸಿ. ಹೆದೆ ತಾನೇ ಹೋಗುತ್ತದೆ. ಬಾಣ ನಾಟಿದ ಸದ್ದು ಕೇಳುವವರೆಗೆ ಬಿಲ್ಲಿನ ಕೈ ಇಳಿಸಬೇಡಿ.

ಮೊದಲ ಬಾಣಗಳು ಗುರಿಹಲಗೆಯ ಮೇಲಿಂದ ಹೋದರೆ ಗಾಬರಿ ಬೇಡ. ಬಾಣ ಕಣ್ಣಿಗಿಂತ ಕೆಳಗಿದೆ, ದೂರವೂ ಕಡಿಮೆ. ಹಾಗಾಗಿ ತುದಿಯನ್ನು ನಡುವಿನ ಹಳದಿಗೆ ಹಿಡಿದರೆ ಬಾಣ ಮೇಲೇ ಬೀಳುತ್ತದೆ. ತುದಿಯನ್ನು ಕೆಳಗಿನ ಬಿಳಿ ಅಂಚಿಗೆ ತಂದು ನೋಡಿ, ಸಾಲದಿದ್ದರೆ ಇನ್ನೂ ಇಳಿಸಿ. ಬಾಣ ಆರೋ ರೆಸ್ಟ್‌ನಿಂದ (ಬಿಲ್ಲಿನಲ್ಲಿ ಬಾಣ ಕೂರುವ ಆಸರೆ) ಜಾರುತ್ತಿದ್ದರೆ ಬೆರಳುಗಳು ಅದರ ಹಿಂತುದಿಯನ್ನು ಹಿಸುಕುತ್ತಿವೆ, ನಡುವೆ ಸ್ವಲ್ಪ ಸಂದು ಬಿಡಿ. ಮೂರು ಬಾಣ ಒಂದೆಡೆ ಗುಂಪಾಗಿದ್ದು ನಡುವಿಂದ ದೂರವಿದ್ದರೆ ನಿಮ್ಮ ಭಂಗಿ ಸರಿಯಿದೆ, ಗುರಿ ಹಿಡಿಯುವ ಜಾಗ ಬದಲಿಸಿದರಾಯಿತು. ಚದುರಿದ್ದರೆ ಗುರಿಯನ್ನು ಮರೆತು ಬಾಯಿಯ ಮೂಲೆಯ ಕಡೆ ಗಮನ ಕೊಡಿ.

ಕೈಯಿಂದ ಬಿದ್ದ ಬಾಣಕ್ಕೆ ಗೆರೆ ದಾಟಬೇಡಿ. ಬಾಣ ಕೀಳುವಾಗ ಹಿಂದೆ ಯಾರೂ ಇಲ್ಲವೆಂದು ನೋಡಿ, ಪಕ್ಕಕ್ಕೆ ನಿಂತು, ಒಂದು ಕೈ ಹಲಗೆಗೆ ಒತ್ತಿ, ಇನ್ನೊಂದರಲ್ಲಿ ಹಲಗೆಗೆ ಅಂಟಿದಂತೆ ಬಾಣ ಹಿಡಿದು ನೇರ ಎಳೆಯಿರಿ. ಗರಿಯ ಬಳಿ ಹಿಡಿದೆಳೆದರೆ ಬಾಗುತ್ತದೆ.

ಅಂಕದ ಆಟ ಕೊನೆಯ ಇಪ್ಪತ್ತು ನಿಮಿಷಕ್ಕಿರಲಿ. ಮೊದಲೇ ಶುರುವಾದರೆ ಕಲಿಕೆ ನಿಲ್ಲುತ್ತದೆ. ಹಳದಿಗೆ 10 ಮತ್ತು 9, ಕೆಂಪಿಗೆ 8 ಮತ್ತು 7, ಹೀಗೆ ನೀಲಿ, ಕಪ್ಪು ದಾಟಿ ಬಿಳಿಗೆ 2 ಮತ್ತು 1. ಗೆರೆ ಮುಟ್ಟಿದ ಬಾಣಕ್ಕೆ ಹೆಚ್ಚಿನ ಅಂಕ. ಅಂಕ ಬರೆದು ಮುಗಿಯುವವರೆಗೆ ಬಾಣ ಮುಟ್ಟುವಂತಿಲ್ಲ, ಜಗಳಕ್ಕೆ ಮೂಲ ಅದೇ. ಒಬ್ಬರಿಗೆ ಒಟ್ಟು 40–50 ಬಾಣ ಸಾಕು. ಮಾರನೆಯ ದಿನ ಬೆನ್ನಿನ ಮೇಲ್ಭಾಗ, ಹೆಗಲೆಲುಬುಗಳ ನಡುವೆ ನೋವಿದ್ದರೆ ಸರಿಯಾಗಿ ಎಳೆದಿದ್ದೀರಿ. ಮುಂಗೈ, ತೋಳು ಮಾತ್ರ ನೋಯುತ್ತಿದ್ದರೆ ಮುಂದಿನ ಸಲ 4 ಪೌಂಡ್ ಕಡಿಮೆಯ ಬಿಲ್ಲು ಕೇಳಿ.