ಮಲಗುವ ಕೋಣೆಯ ಧೂಳಿನೊಂದಿಗೆ ನನ್ನ ಅನುಭವ

ಬೆಳಿಗ್ಗೆ ಎದ್ದ ಕೂಡಲೇ ಒಂದರ ಹಿಂದೊಂದು ಏಳೆಂಟು ಸೀನು ಬರುವುದು, ಕೋಣೆಯಿಂದ ಹೊರಗೆ ಬಂದು ಅರ್ಧ ಗಂಟೆಯಾಗುವಷ್ಟರಲ್ಲಿ ಅದು ತಾನಾಗಿಯೇ ನಿಲ್ಲುವುದು ಹಲವು ವರ್ಷಗಳಿಂದ ನನಗೆ ರೂಢಿಯಾಗಿಬಿಟ್ಟಿತ್ತು. ಇದು ಧೂಳಿನ ಅಲರ್ಜಿ ಎಂದು ವೈದ್ಯರು ಹೇಳಿದಾಗ ನನಗೆ ನಂಬಿಕೆ ಬರಲಿಲ್ಲ, ಏಕೆಂದರೆ ಕೋಣೆಯನ್ನು ನಾನು ಒಂದು ದಿನವೂ ಗುಡಿಸದೆ ಬಿಟ್ಟವನಲ್ಲ. ಆದರೆ ಮಂಚದ ಕೆಳಗೆ ಪೆಟ್ಟಿಗೆ, ಹಳೆಯ ಚೀಲ, ಚಪ್ಪಲಿಗಳೆಲ್ಲ ತುಂಬಿಕೊಂಡಿದ್ದುದರಿಂದ ನನ್ನ ಪೊರಕೆ ಅಲ್ಲಿ ಒಂದು ಗೇಣಿಗಿಂತ ಒಳಗೆ ಹೋಗುತ್ತಿರಲಿಲ್ಲ. ಒಂದು ದಿನ ಆ ಪೆಟ್ಟಿಗೆಗಳಲ್ಲೊಂದನ್ನು ಹೊರಗೆಳೆದಾಗ ಅದರ ಹಿಂದೆಯೇ ಬೂದು ಬಣ್ಣದ ಹತ್ತಿಯಂತೆ ಮುದ್ದೆಗಟ್ಟಿದ ಧೂಳು ಉರುಳಿ ಬಂತು. ಬೆಳಕಿಗೆ ಹಿಡಿದು ನೋಡಿದರೆ ಅದರಲ್ಲಿ ನನ್ನದೇ ತಲೆಗೂದಲು, ನನ್ನ ಹೊದಿಕೆಯ ನೀಲಿ ನೂಲಿನ ಎಳೆಗಳು, ಪುಡಿಪುಡಿಯಾದ ಕಾಗದದ ಚೂರುಗಳು ಕಂಡವು. ಧೂಳೆಲ್ಲ ಕಿಟಕಿಯಿಂದ ಬರುತ್ತದೆ ಎಂದುಕೊಂಡಿದ್ದ ನನಗೆ, ಅದರಲ್ಲಿ ದೊಡ್ಡ ಪಾಲು ನಾನು ಮಲಗುವ ಜಾಗದಲ್ಲೇ ಹುಟ್ಟುತ್ತಿದೆ ಎಂದು ತಿಳಿದದ್ದು ಆಗಲೇ.

ಅಂದಿನಿಂದ ಕೋಣೆಯನ್ನು ಅಚ್ಚುಕಟ್ಟಾಗಿಡುವುದೆಂದರೆ ನೋಟಕ್ಕೆ ಚೆನ್ನಾಗಿ ಕಾಣಿಸುವುದಲ್ಲ, ಒದ್ದೆ ಬಟ್ಟೆ ಹಿಡಿದ ಕೈ ಎಲ್ಲ ಕಡೆಗೂ ಅಡ್ಡಿಯಿಲ್ಲದೆ ಹೋಗುವಂತೆ ಮಾಡುವುದು ಎಂದು ಲೆಕ್ಕ ಹಾಕಿಕೊಂಡೆ. ಮೊದಲು ಮಂಚದ ಕೆಳಭಾಗವನ್ನು ಪೂರ್ತಿ ಖಾಲಿ ಮಾಡಿದೆ. ನಿದ್ರೆಗೆ, ಬಟ್ಟೆ ಬದಲಾಯಿಸುವುದಕ್ಕೆ, ಮಲಗುವ ಮುಂಚೆ ಸ್ವಲ್ಪ ಓದುವುದಕ್ಕೆ ಬೇಕಾಗದ ವಸ್ತುಗಳೆಲ್ಲ ಕೋಣೆಯಿಂದ ಹೊರಗೆ ಹೋದವು. ಇದು ಎರಡು ದಿನಗಳ ಕೆಲಸವಾಯಿತು, ಅಷ್ಟೇನೂ ಕಷ್ಟವಾಗಲಿಲ್ಲ. ನಿಜವಾಗಿ ಕಷ್ಟ ಕೊಟ್ಟದ್ದು ಕುರ್ಚಿ. ಒಮ್ಮೆ ತೊಟ್ಟು ಬಿಚ್ಚಿದ, ಒಗೆಯಲು ಹಾಕುವಷ್ಟು ಕೊಳೆಯಾಗದ, ಒಗೆದಿಟ್ಟ ಬಟ್ಟೆಗಳ ಜೊತೆ ಬೀರುವಿನಲ್ಲಿಡಲು ಮನಸ್ಸೊಪ್ಪದ ಬಟ್ಟೆಗಳೆಲ್ಲ ಅದರ ಬೆನ್ನಿನ ಮೇಲೆ ಸೇರುತ್ತಿದ್ದವು. ವಾರಕ್ಕೊಮ್ಮೆ ಬೇಸರದಿಂದ ಅವನ್ನೆಲ್ಲ ತೆಗೆದಿಟ್ಟರೂ ಮರುದಿನವೇ ಹೊಸ ರಾಶಿ ಶುರುವಾಗುತ್ತಿತ್ತು. ಇದನ್ನು ಬಹಳ ಕಾಲ ನನ್ನ ಸೋಮಾರಿತನ ಎಂದೇ ಭಾವಿಸಿದ್ದೆ. ಯೋಚಿಸಿ ನೋಡಿದರೆ ಆ ಬಟ್ಟೆಗಳಿಗೆ ಕೋಣೆಯಲ್ಲಿ ತಮ್ಮದೆನ್ನುವ ಜಾಗವೇ ಇರಲಿಲ್ಲ. ಬಾಗಿಲ ಹಿಂದೆ ಐದು ಕೊಕ್ಕೆಗಳನ್ನು ಹೊಡೆಸಿ, ಐದೂ ತುಂಬಿದ ಮೇಲೆ ಆರನೆಯ ಬಟ್ಟೆ ಬಂದರೆ ಮೊದಲಿನದು ಒಗೆಯುವ ಬುಟ್ಟಿಗೆ ಹೋಗಬೇಕು ಎಂದು ನಿಯಮ ಮಾಡಿಕೊಂಡೆ, ಕುರ್ಚಿಯನ್ನು ಬೇರೆ ಕೋಣೆಗೆ ಸಾಗಿಸಿದೆ. ರಾಶಿ ಮತ್ತೆ ಬೆಳೆಯಲಿಲ್ಲ.

ಹಾಸಿಗೆಯ ವಿಷಯದಲ್ಲಿ ನನ್ನ ಹಳೆಯ ಅಭ್ಯಾಸವೊಂದನ್ನು ಬಿಡಬೇಕಾಯಿತು. ಎದ್ದ ತಕ್ಷಣ ಹೊದಿಕೆಯನ್ನು ಎಳೆದು, ಸುಕ್ಕು ಬಿಡಿಸಿ, ಬಿಗಿಯಾಗಿ ಹಾಸಿ ಮುಚ್ಚುವುದೇ ಶಿಸ್ತು ಎಂದುಕೊಂಡಿದ್ದೆ. ರಾತ್ರಿಯಿಡೀ ನಮ್ಮ ಬೆವರು ಹಾಸಿಗೆಗೆ ಇಳಿದಿರುತ್ತದೆ, ಅದನ್ನು ಹಾಗೆಯೇ ಮುಚ್ಚಿದರೆ ತೇವ ಒಳಗೇ ಉಳಿಯುತ್ತದೆ. ಧೂಳಿನ ನುಸಿ ಎನ್ನುವ, ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟೂ ಉದ್ದವಿಲ್ಲದ ಜೀವಿ ಬದುಕುವುದು ಇಂಥ ಕಡೆಯೇ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ಅದರ ಆಹಾರ. ಅದು ನೀರು ಕುಡಿಯುವುದಿಲ್ಲ, ಗಾಳಿಯಲ್ಲಿರುವ ತೇವವನ್ನೇ ಮೈಗೆ ಹೀರಿಕೊಳ್ಳುತ್ತದೆ. ಅದು ಕಚ್ಚುವುದೂ ಇಲ್ಲ, ಸೀನು ಬರಿಸುವುದು ಮುಖ್ಯವಾಗಿ ಅದರ ಹಿಕ್ಕೆ. ಗಾಳಿಯ ತೇವಾಂಶ ಶೇಕಡಾ 50ಕ್ಕಿಂತ ಕೆಳಗಿದ್ದರೆ ಅದು ಹೆಚ್ಚು ಕಾಲ ಬಾಳಲಾರದು. ಇದನ್ನು ತಿಳಿದ ಮೇಲೆ ನಾನು ಎದ್ದೊಡನೆ ಹೊದಿಕೆಯನ್ನು ಕಾಲಿನ ಕಡೆಗೆ ಮಡಿಚಿ, ಕಿಟಕಿ ತೆರೆದು, ಸ್ನಾನ, ತಿಂಡಿ ಎಲ್ಲ ಮುಗಿದ ನಂತರವೇ ಹಾಸಿಗೆಯನ್ನು ಸರಿಪಡಿಸುತ್ತೇನೆ. ಹೊರಗಿನ ಗಾಳಿಯೇ ಒದ್ದೆಯಾಗಿರುವ ದಿನಗಳಲ್ಲಿ ಕಿಟಕಿಯ ಬದಲು ಫ್ಯಾನು ಹಾಕುತ್ತೇನೆ. ಹಾಸುವ ಬಟ್ಟೆ ಮತ್ತು ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆಯುತ್ತೇನೆ. ತಣ್ಣೀರಿನಲ್ಲಿ ಒಗೆದರೆ ಹಿಕ್ಕೆ ಬಹುಮಟ್ಟಿಗೆ ತೊಳೆದುಹೋದರೂ ನುಸಿಗಳು ಸಾಯುವುದಿಲ್ಲ. ಬಟ್ಟೆ ಅಷ್ಟು ಬಿಸಿಯನ್ನು ತಡೆಯುತ್ತದೆಯೇ ಎಂದು ಅದರ ಚೀಟಿಯನ್ನು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ವಾರದ ದೊಡ್ಡ ಶುಚಿ ಕೆಲಸದಲ್ಲಿ ಕ್ರಮ ತಪ್ಪಿದ್ದಕ್ಕೆ ನಾನು ಬಹಳ ಸಲ ದಂಡ ತೆತ್ತಿದ್ದೇನೆ. ಹೊಸ ಬಟ್ಟೆ ಹಾಸಿ, ನೆಲ ಒರೆಸಿ, ಕೊನೆಗೆ ತಲೆಯೆತ್ತಿ ಫ್ಯಾನಿನ ರೆಕ್ಕೆಯ ಅಂಚಿನಲ್ಲಿ ಕಪ್ಪು ಗೆರೆ ಕಂಡು, ಅದನ್ನು ಒರೆಸಲು ಹೋಗಿ, ಮಾಡಿದ್ದೆಲ್ಲವನ್ನೂ ಮತ್ತೆ ಮಾಡಿದ್ದುಂಟು. ಈಗ ಮಾಸಿದ ಬಟ್ಟೆ ಹಾಸಿಗೆಯ ಮೇಲೆ ಇರುವಾಗಲೇ ಫ್ಯಾನಿನ ಕೆಲಸ ಮುಗಿಸುತ್ತೇನೆ. ಫ್ಯಾನನ್ನು ನಿಲ್ಲಿಸಿ, ಹಳೆಯ ದಿಂಬಿನ ಚೀಲವೊಂದನ್ನು ರೆಕ್ಕೆಗೆ ಗವಸಿನಂತೆ ತೊಡಿಸಿ, ಎರಡು ಬದಿಯಿಂದಲೂ ಒತ್ತಿ ಹಿಡಿದು ತುದಿಯವರೆಗೆ ಎಳೆದರೆ ಧೂಳು ಚೀಲದೊಳಗೇ ಉಳಿಯುತ್ತದೆ, ಅಕಸ್ಮಾತ್ ಉದುರಿದ್ದು ಹೇಗೂ ಒಗೆಯಲು ಹೋಗುವ ಬಟ್ಟೆಯ ಮೇಲೆ ಬೀಳುತ್ತದೆ. ಆಮೇಲೆ ಬೀರುವಿನ ತಲೆ, ಕಿಟಕಿಯ ಕಂಬಿ, ಮಂಚದ ಚೌಕಟ್ಟು, ಕಡೆಯದಾಗಿ ನೆಲ. ಒಣ ಬಟ್ಟೆಯಿಂದ ಕೊಡವಿದರೆ ಸಣ್ಣ ಧೂಳು ಗಾಳಿಗೆದ್ದು ಬಹಳ ಹೊತ್ತು ತೇಲಾಡಿ ಮತ್ತೆ ಅಲ್ಲಿಯೇ ಕೂರುತ್ತದೆ. ಆದ್ದರಿಂದ ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯನ್ನೇ ಬಳಸುತ್ತೇನೆ.

ಬೀರು ಹೊರಗೋಡೆಗೆ ಅಂಟಿಕೊಂಡಿದ್ದಾಗ ಅದರ ಹಿಂದೆ ಗೋಡೆಯ ಮೇಲೆ ಕಪ್ಪು ಚುಕ್ಕೆಗಳಾಗಿ ಬೂಷ್ಟು ಹಿಡಿದಿತ್ತು, ಒಳಗಿನ ಬಟ್ಟೆಗಳಿಗೆಲ್ಲ ಮುಗ್ಗಲು ವಾಸನೆ ಬಂದಿತ್ತು. ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಗೋಡೆಯನ್ನು ಸಾಬೂನು ನೀರಿನಿಂದ ಉಜ್ಜಿ, ಪೂರ್ತಿ ಒಣಗಿಸಿ, ಬೀರುವನ್ನು ನಾಲ್ಕು ಬೆರಳಿನಷ್ಟು ಮುಂದಕ್ಕೆ ಸರಿಸಿದೆ. ಗಾಳಿಯಾಡಲು ಅಷ್ಟೇ ಸಾಕಾಯಿತು, ಚುಕ್ಕೆಗಳು ಮತ್ತೆ ಕಾಣಿಸಿಕೊಂಡಿಲ್ಲ.

ಬೆಳಗಿನ ಸೀನು ಪೂರ್ತಿ ನಿಂತಿದೆ ಎನ್ನಲಾರೆ. ಒಂದೆರಡು ಬಂದು ನಿಲ್ಲುತ್ತದೆ, ಕೆಲವು ದಿನ ಬರುವುದೇ ಇಲ್ಲ. ದಪ್ಪ ಬಟ್ಟೆಯ ಕಿಟಕಿ ಪರದೆಗಳು ಮಾತ್ರ ಇನ್ನೂ ಬಾಕಿ ಇವೆ. ಅವನ್ನು ತಿಂಗಳಿಗೊಮ್ಮೆ ಇಳಿಸಿ ಒಗೆಯುವುದು ನನ್ನಿಂದ ಆಗುತ್ತಿಲ್ಲವಾದ್ದರಿಂದ, ಬೇಗ ಒಣಗುವ ತೆಳು ಬಟ್ಟೆಯ ಪರದೆ ಹೊಲಿಸಲು ಕಿಟಕಿಯ ಅಳತೆ ತೆಗೆದಿಟ್ಟಿದ್ದೇನೆ.