ಗಾಲ್ಫ್‌ನಲ್ಲಿ ಚೆಂಡನ್ನು ಎಲ್ಲಿಡಬೇಕು: ಸ್ವಿಂಗ್‌ನ ಕಮಾನನ್ನು ಅರಿತು ನಿಲ್ಲುವ ಬಗೆ

ಗಾಲ್ಫ್‌ನಲ್ಲಿ ಕ್ಲಬ್ಬು, ಅಂದರೆ ಹೊಡೆಯುವ ಕೋಲು, ಚೆಂಡಿಗೆ ತಾಗಿಕೊಂಡಿರುವುದು ಒಂದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲೊಂದು ಭಾಗದಷ್ಟು ಹೊತ್ತು ಮಾತ್ರ. ಅಷ್ಟರೊಳಗೆ ಕೈಯಿಂದ ಏನನ್ನೂ ತಿದ್ದಲು ಸಾಧ್ಯವಿಲ್ಲ. ತಿದ್ದುವುದೇನಿದ್ದರೂ ಸ್ವಿಂಗ್ (ಕ್ಲಬ್ಬಿನ ಬೀಸು) ಶುರುವಾಗುವ ಮುಂಚೆ, ನಿಲುವು ತೆಗೆದುಕೊಳ್ಳುವಾಗಲೇ ಆಗಬೇಕು. ಹಾಗೆ ತಿದ್ದಬಹುದಾದವುಗಳಲ್ಲಿ ಅತ್ಯಂತ ಸುಲಭವಾದದ್ದು ಚೆಂಡಿನ ಜಾಗ. ಕಲಿಯುವವರು ಅತಿ ಹೆಚ್ಚು ಅಲಕ್ಷಿಸುವುದೂ ಅದನ್ನೇ. ಇಲ್ಲಿ ಹೇಳಿರುವುದೆಲ್ಲ ಬಲಗೈ ಆಟಗಾರರಿಗೆ, ಅಂದರೆ ಗುರಿಯ ಕಡೆಗೆ ಎಡಭುಜವನ್ನಿಟ್ಟು ನಿಲ್ಲುವವರಿಗೆ, ಅನ್ವಯಿಸುತ್ತದೆ. ಎಡಗೈ ಆಟಗಾರರು ಎಡಬಲಗಳನ್ನು ಅದಲುಬದಲು ಮಾಡಿಕೊಂಡು ಓದಬೇಕು.

ಕ್ಲಬ್ಬಿನ ತಲೆ ಓರೆಯಾಗಿ ನಿಲ್ಲಿಸಿದ ಚಕ್ರದ ಅಂಚಿನಂತೆ ತಿರುಗುತ್ತದೆ ಎಂದು ಊಹಿಸಿಕೊಳ್ಳಿ. ಈ ಕಮಾನಿನ ಅತ್ಯಂತ ತಗ್ಗಿನ ಬಿಂದು ಸಾಮಾನ್ಯವಾಗಿ ಎಡಭುಜದ ಆಸುಪಾಸಿನಲ್ಲಿ, ಅದರ ನೇರ ಕೆಳಗೆ ಬರುತ್ತದೆ. ಆ ಬಿಂದುವನ್ನು ಮುಟ್ಟುವ ತನಕ ಕ್ಲಬ್ಬು ಕೆಳಕ್ಕೆ ಇಳಿಯುತ್ತಿರುತ್ತದೆ. ಚಕ್ರ ಓರೆಯಾಗಿರುವುದರಿಂದ ಅದೇ ಹೊತ್ತಿಗೆ ದೇಹದಿಂದ ಹೊರಕ್ಕೂ, ಅಂದರೆ ಗುರಿಯ ಬಲಕ್ಕೂ, ಚಲಿಸುತ್ತಿರುತ್ತದೆ. ಬಿಂದುವನ್ನು ದಾಟಿದ ಮೇಲೆ ಅದು ಮೇಲಕ್ಕೇರುತ್ತ ಒಳಕ್ಕೆ, ಎಡಕ್ಕೆ, ತಿರುಗುತ್ತದೆ. ಹೀಗಾಗಿ ಚೆಂಡನ್ನು ಹಿಂದಕ್ಕೋ (ಗುರಿಯಿಂದ ದೂರಕ್ಕೆ) ಮುಂದಕ್ಕೋ (ಗುರಿಯ ಕಡೆಗೆ) ಸರಿಸಿದಾಗ ಹೊಡೆತದ ಎತ್ತರ, ಇಳಿತದ ಕೋನ ಮತ್ತು ಅಡ್ಡದಿಕ್ಕು ಮೂರೂ ಒಟ್ಟಿಗೇ ಬದಲಾಗುತ್ತವೆ. ಒಂದನ್ನು ಮಾತ್ರ ಬದಲಿಸಿದೆವೆಂದುಕೊಳ್ಳುವುದೇ ಹೆಚ್ಚಿನ ಗೊಂದಲಗಳ ಮೂಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಒಂದು ಲೆಕ್ಕ ನೋಡೋಣ. ಚಕ್ರದ ತ್ರಿಜ್ಯವನ್ನು 1.5 ಮೀಟರ್ ಎಂದೂ, ಅದು ನೆಲದಿಂದ 60 ಡಿಗ್ರಿ ಓರೆಯಾಗಿದೆಯೆಂದೂ ಇಟ್ಟುಕೊಂಡರೆ, ಚೆಂಡನ್ನು 5 ಸೆಂಟಿಮೀಟರ್ ಹಿಂದಕ್ಕೆ ಸರಿಸಿದಾಗ ಕ್ಲಬ್ಬು ಸುಮಾರು 1.7 ಡಿಗ್ರಿಯಷ್ಟು ಹೆಚ್ಚು ಕೆಳಮುಖವಾಗಿ, ಸುಮಾರು 1 ಡಿಗ್ರಿಯಷ್ಟು ಹೆಚ್ಚು ಬಲಕ್ಕೆ ಬಂದು ತಾಗುತ್ತದೆ. ನಿಜವಾದ ಸ್ವಿಂಗ್ ಇಷ್ಟು ಪರಿಪೂರ್ಣವಾದ ವೃತ್ತವಲ್ಲ. ಆದರೂ ಬದಲಾವಣೆಯ ದಿಕ್ಕು ಇದೇ. ಅದೇ ಲೆಕ್ಕದಲ್ಲಿ ತಗ್ಗಿನ ಬಿಂದುವಿನಿಂದ 10 ಸೆಂಟಿಮೀಟರ್ ಆಚೆಗೆ ಕ್ಲಬ್ಬು ಏರಿರುವುದು ಸುಮಾರು 3 ಮಿಲಿಮೀಟರ್ ಮಾತ್ರ. ಆದ್ದರಿಂದಲೇ ತಗ್ಗಿನ ಬಿಂದು ಚೆಂಡಿನ ಹಿಂದೆ ಬಿದ್ದವರು ಒಮ್ಮೆ ನೆಲವನ್ನು ಮೊದಲು ಕೆತ್ತಿ ಫ್ಯಾಟ್ ಹೊಡೆಯುತ್ತಾರೆ, ಮರುಕ್ಷಣ ನೆಲವನ್ನು ಸವರದೆ ಚೆಂಡಿನ ನಡುವಿಗೆ ಅಂಚು ತಾಗಿಸಿ ಥಿನ್ ಹೊಡೆಯುತ್ತಾರೆ. ಎರಡೂ ಬೇರೆ ಬೇರೆ ದೋಷಗಳೆಂದು ತೋರಿದರೂ ಮೂಲ ಒಂದೇ.

ಇನ್ನು ಕ್ಲಬ್‌ಫೇಸ್‌ನ, ಅಂದರೆ ಚೆಂಡಿಗೆ ತಾಗುವ ಕ್ಲಬ್ಬಿನ ಮುಖದ, ಮಾತು. ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ನಿರ್ಧರಿಸುವುದು ತಾಗುವ ಕ್ಷಣದಲ್ಲಿ ಫೇಸ್ ನೋಡುತ್ತಿರುವ ದಿಕ್ಕು. ಫೇಸ್‌ನ ನಡುವಿಗೇ ತಾಗಿದ ಚೆಂಡು ಗಾಳಿಯಲ್ಲಿ ಯಾವ ಕಡೆಗೆ ಬಾಗುತ್ತದೆಂಬುದನ್ನು ನಿರ್ಧರಿಸುವುದು ಫೇಸ್‌ಗೂ ಕ್ಲಬ್ಬಿನ ಹಾದಿಗೂ ಇರುವ ಅಂತರ. ಇಳಿಯುವ ಹಾದಿಯಲ್ಲಿ ಫೇಸ್ ನಿರಂತರವಾಗಿ ಮುಚ್ಚಿಕೊಳ್ಳುತ್ತ, ಅಂದರೆ ಬಲದಿಂದ ಎಡಕ್ಕೆ ತಿರುಗುತ್ತ, ಬರುತ್ತದೆ. ಚೆಂಡು ಹಿಂದಿದ್ದರೆ ಫೇಸ್ ಇನ್ನೂ ತೆರೆದಿರುವಾಗಲೇ ತಾಗುವುದರಿಂದ ಚೆಂಡು ಬಲಕ್ಕೆ ಹೊರಡುವ ಸಂಭವ ಹೆಚ್ಚು, ಮುಂದಿದ್ದರೆ ಎಡಕ್ಕೆ.

ನಿಮ್ಮ ತಗ್ಗಿನ ಬಿಂದು ಎಲ್ಲಿದೆಯೆಂದು ತಿಳಿಯದೆ ಚೆಂಡನ್ನು ಸರಿಸಬೇಡಿ. ಅಭ್ಯಾಸದ ಹುಲ್ಲಿನ ಮೇಲೆ ಗುರಿಗೆ ಅಡ್ಡಲಾಗಿ ಸುಣ್ಣದ ಒಂದು ಗೆರೆಯನ್ನೆಳೆದು, ಅದರ ಮೇಲೆ ಚೆಂಡಿದೆಯೆಂದೇ ಭಾವಿಸಿ ನಿಂತು, 7ನೇ ಐರನ್‌ನಿಂದ (ಮಧ್ಯಮ ದೂರದ ಹೊಡೆತದ ಲೋಹದ ಕ್ಲಬ್ಬು) ಹತ್ತು ಬಾರಿ ಬೀಸಿ. ಪ್ರತಿ ಸಲವೂ ಗೆರೆಯುದ್ದಕ್ಕೆ ಒಂದು ಹೆಜ್ಜೆ ಸರಿದು ನಿಂತರೆ ಹತ್ತು ಡಿವೊಟ್‌ಗಳು, ಅಂದರೆ ಹುಲ್ಲು ಕಿತ್ತ ಗುರುತುಗಳು, ಪಕ್ಕಪಕ್ಕದಲ್ಲಿ ಕಾಣುತ್ತವೆ. ಬಾಗಿ ಹತ್ತಿರದಿಂದ ನೋಡಿ: ಹುಲ್ಲು ಹರಿದಿರುವುದು ಗೆರೆಯ ಮೇಲೆಯೇ ಅಥವಾ ಅದಕ್ಕಿಂತ ಗುರಿಯ ಕಡೆಗೆ ಶುರುವಾಗಿದ್ದರೆ ಚೆಂಡಿನ ಜಾಗ ಸರಿಯಿದೆ. ಮಣ್ಣು ಗೆರೆಯ ಹಿಂದಿನಿಂದಲೇ ಎದ್ದಿದ್ದರೆ, ಚೆಂಡು ತೀರ ಮುಂದಿದೆ ಅಥವಾ ದೇಹದ ಭಾರ ಬಲಗಾಲಿನಲ್ಲೇ ಉಳಿದಿದೆ. ಮೊದಲು ಭಾರವನ್ನು ಎಡಕ್ಕೆ ತಂದು ಇನ್ನೈದು ಬಾರಿ ಬೀಸಿ ನೋಡಿ. ಅದರಿಂದಲೂ ಸರಿಹೋಗದಿದ್ದರೆ ಮಾತ್ರ ಚೆಂಡನ್ನು ಸರಿಸಿ, ಅದೂ ಒಮ್ಮೆಗೆ ಒಂದು ಚೆಂಡಿನಗಲದಷ್ಟು, ಎಂದರೆ ಸುಮಾರು 43 ಮಿಲಿಮೀಟರ್, ಮಾತ್ರ.

ವೆಡ್ಜ್‌ಗೆ (ಹತ್ತಿರದ ಹೊಡೆತದ ಗಿಡ್ಡ ಕ್ಲಬ್ಬು) ಪಾದಗಳ ನಟ್ಟನಡುವೆ, ಮಧ್ಯಮ ಐರನ್‌ಗಳಿಗೆ ಅದಕ್ಕಿಂತ ಒಂದು ಚೆಂಡಿನಗಲ ಮುಂದೆ, ಡ್ರೈವರ್‌ಗೆ (ದೂರದ ಹೊಡೆತದ ಉದ್ದ ಕ್ಲಬ್ಬು) ಎಡಹಿಮ್ಮಡಿಯ ಒಳಅಂಚಿನ ನೇರಕ್ಕೆ ಎಂಬುದು ಒಳ್ಳೆಯ ಆರಂಭ. ಆದರೆ ಪಾದಗಳನ್ನು ನೋಡಿ ಅಳೆಯುವವರು ಮೋಸಹೋಗುವುದುಂಟು. ಬಲಪಾದವನ್ನು ಅಗಲಿಸಿದರೆ ಚೆಂಡು ಅಲ್ಲೇ ಇದ್ದರೂ ಮುಂದಕ್ಕೆ ಹೋದಂತೆ ಕಾಣುತ್ತದೆ, ಎಡಪಾದದ ಬೆರಳುಗಳನ್ನು ಹೊರಕ್ಕೆ ತಿರುಗಿಸಿದರೆ ಹಿಂದಕ್ಕೆ ಹೋದಂತೆ ಕಾಣುತ್ತದೆ. ಕಮಾನು ನೇತಾಡುವುದು ಭುಜದಿಂದ, ಪಾದದಿಂದಲ್ಲ. ಅಂಗಿಯ ಗುಂಡಿಗಳ ಸಾಲು, ಎಡಗಡೆಯ ಜೇಬು, ಎಡಕಂಕುಳು ಇವುಗಳ ನೇರಕ್ಕೆ ಅಳೆದರೆ ಅಳತೆ ದಿನದಿಂದ ದಿನಕ್ಕೆ ಅಷ್ಟಾಗಿ ಬದಲಾಗದು.

ಡ್ರೈವರ್‌ನಲ್ಲಿ ಚೆಂಡು ಟೀ ಎಂಬ ಪುಟ್ಟ ಗೂಟದ ಮೇಲಿರುವುದರಿಂದ ಏರುವ ಹಾದಿಯಲ್ಲಿ ಹೊಡೆಯಲು ಅವಕಾಶವಿದೆ. ಉದ್ದವಾದ ಕ್ಲಬ್ಬಾದ್ದರಿಂದ ಚಕ್ರವೂ ಹೆಚ್ಚು ಚಪ್ಪಟೆ. 45 ಡಿಗ್ರಿಯ ಓರೆಯಲ್ಲಿ 3 ಡಿಗ್ರಿ ಮೇಲ್ಮುಖವಾಗಿ ಹೊಡೆದರೆ ಹಾದಿ 3 ಡಿಗ್ರಿಯಷ್ಟು ಎಡಕ್ಕೆ ವಾಲುತ್ತದೆ. ಫೇಸ್ ಗುರಿಯನ್ನೇ ನೋಡುತ್ತಿದ್ದರೂ ಚೆಂಡು ಬಲಕ್ಕೆ ಬಾಗುತ್ತದೆ. ಇದಕ್ಕೆ ಪರಿಹಾರ ಪಾದ, ಸೊಂಟ, ಭುಜ ಮೂರನ್ನೂ ಅಷ್ಟೇ ಬಲಕ್ಕೆ ತಿರುಗಿಸಿ ನಿಲ್ಲುವುದು. ಚೆಂಡನ್ನು ಮುಂದಿಟ್ಟಾಗ ಅದನ್ನು ತಲುಪಲು ಭುಜಗಳು ತಾವಾಗಿಯೇ ಎಡಕ್ಕೆ ತೆರೆದುಕೊಳ್ಳುತ್ತವೆ. ಸ್ಲೈಸ್‌ನಿಂದ, ಅಂದರೆ ಚೆಂಡು ಬಲಕ್ಕೆ ಜೋರಾಗಿ ಬಾಗುವುದರಿಂದ, ಬಳಲುವ ಅನೇಕರ ತೊಂದರೆ ಅಡಗಿರುವುದು ಅಲ್ಲಿಯೇ. ಅಂಥವರು ಬಲಕ್ಕೆ ಹೋಗುವ ಚೆಂಡನ್ನು ತಡೆಯಲೆಂದು ಅದನ್ನು ಇನ್ನಷ್ಟು ಮುಂದಿಟ್ಟು, ಹಾದಿಯನ್ನು ಇನ್ನಷ್ಟು ಎಡಕ್ಕೆ ತಿರುಗಿಸಿಕೊಳ್ಳುತ್ತಾರೆ. ನಿಂತ ಮೇಲೆ ಒಂದು ಕ್ಲಬ್ಬನ್ನು ಎದೆಗೆ ಅಡ್ಡಲಾಗಿ ಭುಜಗಳ ಮೇಲೆ ಹಿಡಿದು ಅದು ಎತ್ತ ತೋರುತ್ತದೆಂದು ನೋಡಿಕೊಳ್ಳಿ. ಅದು ಎಡಕ್ಕೆ ತೋರುತ್ತಿದ್ದರೆ ಭುಜಗಳನ್ನು ಸರಿಪಡಿಸಿಕೊಂಡ ನಂತರವೇ ಚೆಂಡಿನ ಜಾಗವನ್ನು ಮತ್ತೊಮ್ಮೆ ಅಳೆಯಿರಿ.